ಮೋಟು ನಳಿಗೆಯ ಕೋವಿ

ಆ ಕೋವಿ ನಮ್ಮೂರಿಗೆ ಬಂದಾಗ ಉದ್ದವಾಗಿಯೇ ಇತ್ತು. ಹೊನ್ನಾವರದ ಮರದ ಕಂತ್ರಾಟದಾರನೊಬ್ಬ ಮುಂಬಯಿಯಲ್ಲಿ ಯಾವನೋ ಹಡಗಿನವನಿಂದ ಕೊಂಡದ್ದಂತೆ. ಅವನಿಂದ ಅದು ನಮ್ಮ ಗದ್ದೆಯ ಒಡೆಯ ದೇವಪ್ಪನ ಕೈಗೆ ಬಂತು. ಪರವಾನಗಿ ಇತ್ತೋ ಇಲ್ಲವೋ, ಗೇಣಿಗೆ ಗದ್ದೆ ಮಾಡುವ ಹಾಲಕ್ಕಿ ಹೆಂಗಸರನ್ನು ಕೇಳಿ ಯಾರೂ ಕೋವಿ ತರುವುದಿಲ್ಲ. ಊರಿನವರೆಲ್ಲ ಅವನನ್ನು ಒಡೆಯರು ಎನ್ನುತ್ತಿದ್ದರು. ನಾನು ದೇವಪ್ಪ ಎನ್ನುತ್ತೇನೆ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಅದೇ ಅಲ್ಲವೇ?

ಮಿರ್ಜಾನದ ಸುತ್ತಮುತ್ತ ಅಲ್ಲಿಯವರೆಗೆ ಇದ್ದದ್ದೆಲ್ಲ ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿದು, ಒಂದು ಸಲ ಢಂ ಎನಿಸಿದರೆ ಮುಗಿಯಿತು; ಮತ್ತೆ ತುಂಬುವಷ್ಟರಲ್ಲಿ ಹಂದಿ ಗುಡ್ಡ ಹತ್ತಿ ಮರಿಗಳಿಗೆ ಸುದ್ದಿ ಹೇಳಿಯಾಗಿರುತ್ತದೆ. ದೇವಪ್ಪನ ರೈಫಲ್ ಹಾಗಲ್ಲ. ಒಂದು ಗುಂಡು ಹಾರಿದ ಕೂಡಲೇ ಖಾಲಿ ತೋಟೆಯನ್ನು ತಾನೇ ಹೊರಗೆ ಉಗಿದು, ಹೊಸದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬೆರಳಿನಿಂದ ಕುದುರೆ ಒತ್ತುತ್ತ ಹೋದರಾಯಿತು. ಹಂದಿಗೆಂದು ತಂದದ್ದು ಎಂದು ಅವನು ಹೇಳಿದ. ಹಂದಿಗೆ ಅಷ್ಟು ಗುಂಡು ಯಾಕೆ ಎಂದು ನಾನು ಆಗಲೇ ಕೇಳಿದ್ದೆ. ನನ್ನ ಗಂಡ ಶುಕ್ರ ಬಾಯಿ ಮುಚ್ಚು ಎಂದಿದ್ದ.

ಅದು ಅರವತ್ತಾರನೇ ಇಸವಿ. ಗದ್ದೆ ಯಾರು ಮಾಡುತ್ತಾರೋ ಗದ್ದೆ ಅವರದೇ ಆಗುವಂಥ ಕಾಯ್ದೆ ಬರುತ್ತದೆ ಎಂಬ ಮಾತು ಕುಮಟೆಯ ಸಂತೆಯಿಂದ ನಮ್ಮ ಕೊಪ್ಪದವರೆಗೆ ಬಂದಿತ್ತು. ಕೊಪ್ಪವೆಂದರೆ ನಮ್ಮ ಕೇರಿ, ಗುಡ್ಡದ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಹಾಲಕ್ಕಿ ಮನೆಗಳು. ಅದರ ಎದುರಿಗೆ ಅಘನಾಶಿನಿಯ ದಡದ ತನಕ ಹೊಳೆಬದಿ ಗದ್ದೆ. ನನ್ನ ಅತ್ತೆ ಬಂಗಾರಿ ಮದುವೆಯಾಗಿ ಬಂದಾಗಿನಿಂದ ಅದರಲ್ಲೇ ಬೆನ್ನು ಬಗ್ಗಿಸಿದವಳು. ಅವಳ ಅತ್ತೆಯೂ ಅಷ್ಟೇ. ಆ ವರ್ಷ ಮಳೆ ಬಿಡುತ್ತಿದ್ದಂತೆ ದೇವಪ್ಪ ಹೇಳಿಕಳಿಸಿದ: ನೆಟ್ಟದ್ದು ನೀವಾದರೂ ಕೊಯ್ಯುವುದು ನನ್ನ ಆಳುಗಳು, ಬೇಕಿದ್ದರೆ ನೀವೂ ಕೂಲಿಗೆ ಬನ್ನಿ. ಕೊಯ್ದವರೇ ಗದ್ದೆ ಮಾಡುವವರು ಎಂದು ನಾಳೆ ಕಚೇರಿಯಲ್ಲಿ ಎದೆ ತಟ್ಟಿಕೊಂಡು ಹೇಳಬೇಕಲ್ಲ, ಅದಕ್ಕೆ. ಒಮ್ಮೆ ನಮ್ಮ ಕತ್ತಿ ಆ ಗದ್ದೆಯಿಂದ ಹೊರಗೆ ಬಿದ್ದರೆ ಮತ್ತೆ ಒಳಗೆ ಹೋಗುವುದಿಲ್ಲ ಎಂದು ನಮಗೆ ಚೆನ್ನಾಗಿ ಗೊತ್ತಿತ್ತು.

ಕೋವಿ ಹಿಡಿಯಲು ದೇವಪ್ಪ ಒಬ್ಬನನ್ನು ಇಟ್ಟುಕೊಂಡಿದ್ದ. ಮಾಸ್ತಿ ಎಂದು, ಭಟ್ಕಳದ ಕಡೆ ಮುಟ್ಟಳ್ಳಿಯವನು. ಪಟಾಲಮ್ಮಿನಲ್ಲಿದ್ದು ಹಿಂದಿನ ವರ್ಷದ ಲಡಾಯಿಯಲ್ಲಿ ಕಾಲಿಗೆ ಪೆಟ್ಟು ತಿಂದು ಬಂದವನು. ಮಾತು ಕಮ್ಮಿ. ಕೆಟ್ಟವನೇನೂ ಅಲ್ಲ, ಆದರೆ ಅನ್ನ ಹಾಕಿದವನ ಕೋವಿ ಅವನ ಹೆಗಲ ಮೇಲಿತ್ತು.

ನಮ್ಮ ಕಡೆ ಕೋವಿಯ ಬಾಯನ್ನು ಉಪ್ಪುಗಾಳಿ ತಿನ್ನುತ್ತದೆ. ಒಂದು ಮಳೆಗಾಲ ಎಣ್ಣೆ ಮುಟ್ಟಿಸದೆ ಜಗಲಿಯಲ್ಲಿ ನೇತು ಹಾಕಿದರೆ ಸಾಕು, ನಳಿಗೆಯ ತುದಿ ಹುಳುಕು ಹಲ್ಲಿನ ಹಾಗಾಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಆಚಾರಿಯ ಹತ್ತಿರ ಒಯ್ದು ಕೆಟ್ಟಷ್ಟು ತುದಿ ಕತ್ತರಿಸಿ, ಬಾಯಿ ಉಜ್ಜಿಸಿ ತರುವುದು. ದೇವಪ್ಪನ ಅಜ್ಜನ ಕೇಪಿನ ಕೋವಿ ಅಜ್ಜನ ಕಾಲದಲ್ಲಿ ಎದೆಮಟ್ಟ ಇತ್ತಂತೆ. ಮೊಮ್ಮಗನ ಕಾಲಕ್ಕೆ ಸೊಂಟಕ್ಕೆ ಇಳಿದಿತ್ತು, ಆದರೂ ಹಂದಿ ಬೀಳುತ್ತಿತ್ತು. ಹೀಗಾಗಿ ಹೊಸ ರೈಫಲಿನ ತುದಿಯಲ್ಲಿ ತುಕ್ಕು ಕಂಡದ್ದೇ ತಡ, ದೇವಪ್ಪ ಅದನ್ನು ಮಾಬ್ಲ ಆಚಾರಿಯ ಕುಲುಮೆಗೆ ಕಳಿಸಿದ. ಹೇಗೂ ಕತ್ತರಿಸುತ್ತೀಯ, ಇನ್ನಷ್ಟು ಕತ್ತರಿಸು, ಜೀಪಿನಲ್ಲಿ ಕೂತರೆ ಬಾಗಿಲಿಗೆ ತಾಗುತ್ತದೆ ಎಂದೂ ಹೇಳಿಸಿದ.

ಮಾಬ್ಲ ನಮ್ಮ ಕೊಪ್ಪದ ಕತ್ತಿ, ಹಾರೆ, ನೇಗಿಲ ಕುಳ ಎಲ್ಲ ಮಾಡುವವನು. ಒಳ್ಳೆಯ ಕೈ, ಉದ್ದ ನಾಲಗೆ. ಆ ದಿನ ನಾನು ಕತ್ತಿಗೆ ಹಲ್ಲು ಹಾಕಿಸಲು ಕುಲುಮೆಯಲ್ಲೇ ಕೂತಿದ್ದೆ. ಕೋವಿ ತಂದ ಮಾಸ್ತಿ ಅದನ್ನು ಕೊಡಲೋ ಬೇಡವೋ ಎಂಬಂತೆ ನಿಂತ.

"ಆಚಾರಿ, ಇದು ಅಂಥಾ ಕೋವಿ ಅಲ್ಲ. ಕತ್ತರಿಸ್ಬೇಡ. ತುಕ್ಕು ಉಜ್ಜಿ ಕೊಡು, ಸಾಕು," ಅಂದ.

"ಕೋವಿ ಅಂದ್ರೆ ಕೋವಿಯೇ ಮಾರಾಯಾ," ಅಂದ ಮಾಬ್ಲ. "ಒಡೇರು ಹೇಳಿದ್ದು ನಿಂಗೆ ಕೇಳ್ಲಿಲ್ವಾ?"

"ಕೇಳ್ತು. ಬೇಡ ಅಂತ ಅವ್ರಿಗೂ ಹೇಳ್ದೆ. ಬೈದ್ರು."

"ಹಂಗಾರೆ ಆತು. ನಂಗೂ ಬೈಸ್ಕೊಳ್ಳೂಕೆ ಮನಸ್ಸಿಲ್ಲ."

ಗರಗಸ ಕೆರೆಯತೊಡಗಿತು. ಮಾಬ್ಲನಿಗೆ ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ಜೀಪಿನ ಬಾಗಿಲಿಗೆ ತಾಗಬಾರದು ಎಂದರೆ ತಾಗಲೇಬಾರದು. ಕತ್ತರಿಸಿದ ತುಂಡನ್ನು ತಿದಿಯ ಬಾಯಿಗೆ ಆದೀತು ಎಂದು ಎತ್ತಿಟ್ಟುಕೊಂಡ. ಸಂಜೆ ಹೊಳೆದಂಡೆಯಲ್ಲಿ ಮಾಸ್ತಿ ಕೋವಿ ಒರೆಸಿ, ಎಣ್ಣೆ ಹಾಕಿ, ನೀರಿಗೆ ಎರಡು ಗುಂಡು ಹೊಡೆದು ತೋರಿಸಬೇಕಾಯಿತು. ಎರಡೂ ಚೆನ್ನಾಗಿ ಹಾರಿದವು. ದೇವಪ್ಪ ಮಾಸ್ತಿಯನ್ನು ನೋಡಿ ನಕ್ಕ, ಮಾಬ್ಲನಿಗೆ ಒಂದು ಗೊನೆ ಎಳನೀರು ಕೊಡಿಸಿದ. ಮಾಸ್ತಿ ಕೋವಿ ಹೆಗಲಿಗೇರಿಸಿಕೊಂಡು ಹೋದ.

ಕೊಯ್ಲಿನ ದಿನ ಬಂತು. ದೇವಪ್ಪನ ಜೀಪು ರಸ್ತೆಯ ಬದಿಗೆ ನಿಂತಿತ್ತು. ಎಲ್ಲಿಂದಲೋ ಕರೆತಂದ ಆಳುಗಳು ಮಾವಿನ ಮರದ ಕೆಳಗೆ ಕೂತಿದ್ದರು. ಮಾಸ್ತಿ ಕೋವಿ ಹಿಡಿದು ಬದುವಿನ ಮೇಲೆ ನಿಂತಿದ್ದ. ನಮ್ಮ ಗಂಡಸರು ಗುಡ್ಡದ ಮೇಲೆ ನಿಂತು ಏನು ಮಾಡುವುದು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಮುಂದೆ ಬಂದರೆ ದೇವಪ್ಪ ತಮ್ಮನ್ನು ಹೊಡೆದಾಟದ ಹೆಸರಿನಲ್ಲಿ ಜೈಲಿಗೆ ಹಾಕಿಸುತ್ತಾನೆ ಎಂಬ ಹೆದರಿಕೆ, ಸುಳ್ಳು ಹೆದರಿಕೆಯಲ್ಲ. ನಾವು ಹೆಂಗಸರು ಕತ್ತಿ ಹಿಡಿದು ಹೊರಟೆವು.

ಬಂಗಾರತ್ತೆ ಕೊಪ್ಪದ ದಾರಿಯಲ್ಲೇ ಹಾಡು ಎತ್ತಿದ್ದಳು. ಕೊಕ್ಕರೆಗೂ ಏಡಿಗೂ ಜಗಳ ಹಚ್ಚುವ ಹಾಡು, ಎಷ್ಟು ಬೇಕಾದರೂ ಎಳೆಯಬಹುದು. ನಮ್ಮ ಕೊಪ್ಪದಲ್ಲಿ ಒಂದು ಕಟ್ಟಳೆ ಇದೆ. ಗದ್ದೆಗೆಂದು ಎತ್ತಿದ ಹಾಡನ್ನು ನಡುವೆ ಕೆಳಗಿಡುವ ಹಾಗಿಲ್ಲ. ಹಾವು ಬರಲಿ, ಮಗು ಅಳಲಿ, ಒಬ್ಬಳಿಗೆ ದಮ್ಮು ಹತ್ತಿದರೆ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಕಾಳು ಜೊಳ್ಳಾಗುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ, ಬಿಟ್ಟು ನೋಡಿದವರು ಯಾರೂ ಇಲ್ಲ.

"ನಿಲ್ಲಿ ಅಲ್ಲೇ!" ಎಂದು ದೇವಪ್ಪ ಕೂಗಿದ. ಹಾಡು ನಡೆಯುತ್ತಿತ್ತು, ನಿಲ್ಲುವುದು ಹೇಗೆ? "ಮಾಸ್ತಿ, ಹೊಡಿ!" ಎಂದ. ಮಾಸ್ತಿ ಆಕಾಶಕ್ಕೆ ಹೊಡೆದ. ಎದೆಗೆ ಬಡಿದಂಥ ಸದ್ದು. ನನಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚುಮರೆ ಏನು? ಬಂಗಾರತ್ತೆಯ ದನಿ ನಡುಗಿತು, ಆದರೆ ನಿಲ್ಲಲಿಲ್ಲ. ಅವಳು ಬದು ಇಳಿದಳು, ಅವಳ ಹಿಂದೆ ನಾನು ಇಳಿದೆ, ನನ್ನ ಹಿಂದೆ ಉಳಿದವರು. ಅವಳು ಬಗ್ಗಿ ಮೊದಲ ಹಿಡಿ ಕೊಯ್ದಳು. ನಾನೂ ಕೊಯ್ದೆ. ಆಮೇಲೆ, ಕೊಯ್ದ ಮೇಲೆ, "ಇನ್ನೊಂದು ಹೊಡಿಯೋ, ಎಂತ ನೋಡ್ತೆ!" ಎಂದು ದೇವಪ್ಪ ಕಿರುಚುವುದು ಕೇಳಿ ತಲೆ ಎತ್ತಿದೆ. ಮಾಸ್ತಿ ಕೋವಿಯನ್ನೇ ನೋಡುತ್ತ ನಿಂತಿದ್ದ. ಅದರ ಪಕ್ಕದ ಕಂಡಿಯಲ್ಲಿ ಖಾಲಿ ತೋಟೆ ಅಡ್ಡ ಸಿಕ್ಕಿಕೊಂಡು ಹೊಳೆಯುತ್ತಿತ್ತು. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ಎಂದು ನಾನು ಸುಮ್ಮನೆ ಹೇಳುತ್ತಿಲ್ಲ, ನೆನಪಿಟ್ಟುಕೊಳ್ಳಿ.

ಮತ್ತೆ ಎಲ್ಲ ಸಲೀಸು. ಎರಡನೇ ಗುಂಡು ಬರಲಿಲ್ಲ ಎಂದು ಗಂಡಸರು ಗುಡ್ಡ ಇಳಿದು ಓಡಿ ಬಂದರು. ಬಾಡಿಗೆ ಆಳುಗಳು ಎಲೆ ಅಡಿಕೆ ಹಾಕಿಕೊಂಡು ನೋಡುತ್ತ ಕೂತರು. ದೇವಪ್ಪ ಜೀಪು ಹತ್ತಿ ಧೂಳೆಬ್ಬಿಸಿಕೊಂಡು ಹೋದ. ಗದ್ದೆ ಕೊಯ್ದು ಮುಗಿಸಿ, ಬಡಿದು, ನಮ್ಮ ಪಾಲು ಮನೆಗೆ ತಂದೆವು.

ಆ ವಾರವೇ ಮಾಸ್ತಿ ಕೋವಿ ತೆಗೆದುಕೊಂಡು ಕುಲುಮೆಗೆ ಬಂದ. ಏನು ಮಾಡಿಟ್ಟಿದ್ದೀಯ ನೋಡು ಎಂದು ಆಚಾರಿಗೆ ತೋರಿಸಲು ದೇವಪ್ಪನೇ ಬೈದು ಕಳಿಸಿದ್ದ. ಮೊಂಡಾದ ಕತ್ತಿ ಹಿಡಿದು ನಾನೂ ಹೋಗಿದ್ದೆ. ಮಾಸ್ತಿ ಕೋವಿಯ ಹೊಟ್ಟೆ ಬಿಚ್ಚಿ ತೋರಿಸಿದ.

"ಗುಂಡು ಹಾರೂದು ಮದ್ದು ಉರಿದ ಗ್ಯಾಸಿನಿಂದ. ಗುಂಡು ನಳಿಗೆ ಒಳಗೆ ಓಡ್ತದೆ, ಗ್ಯಾಸು ಹಿಂದಿನಿಂದ ನೂಕ್ತದೆ. ಇಲ್ಲಿ ನೋಡು, ನಳಿಗೆಗೆ ಸಣ್ಣ ತೂತು. ಗುಂಡು ಇದ್ನ ದಾಟಿದ ಕೂಡ್ಲೆ ಸ್ವಲ್ಪ ಗ್ಯಾಸು ಈ ತೂತಲ್ಲಿ ನುಗ್ಗಿ ಈ ದಂಡ ಹಿಂದೆ ತಳ್ತದೆ. ದಂಡ ಪೂರಾ ಹಿಂದೆ ಹೋದ್ರೆ ಖಾಲಿ ತೋಟೆ ಹೊರಗೆ, ಹೊಸಾದು ಒಳಗೆ."

"ಮತ್ತೆ ಎಂತಾ ಆತು?" ಎಂದು ಮಾಬ್ಲ ಕೇಳಿದ.

"ಗುಂಡು ಬಾಯಿಂದ ಹೊರಗೆ ಬಿತ್ತು ಅಂದ್ರೆ ಗ್ಯಾಸೂ ಬಾಯಿಂದ್ಲೇ ಹೋತು. ತೂತಿನಿಂದ ಬಾಯಿ ತನಕ ದಾರಿ ಉದ್ದ ಇದ್ರೆ ದಂಡಕ್ಕೆ ನೂಕು ಸಿಕ್ತದೆ. ನೀ ಬಾಯಿನೇ ತಂದು ತೂತಿನ ಹತ್ರ ಇಟ್ಟೆ. ದಂಡ ಅರ್ಧ ದಾರಿ ಹೋಗಿ ವಾಪಸ್ ಬಂತು. ತೋಟೆ ಬಾಗಿಲಲ್ಲೇ ಸಿಕ್ಕೊಂತು."

"ಅವತ್ತು ಹೊಳೆದಂಡೇಲಿ ಹಾರ್ತಲ್ಲ?"

"ಹಾರ್ತು. ಒರೆಸಿ ಎಣ್ಣೆ ಹಾಕಿದ್ದೆ. ಹಿಂಗೆ ಮೋಟು ಮಾಡಿದ್ದು ಒಮ್ಮೆ ನಡೀತದೆ, ಒಮ್ಮೆ ಇಲ್ಲ. ಸ್ವಲ್ಪ ಮಣ್ಣು, ಸ್ವಲ್ಪ ಇಬ್ಬನಿ ಸಾಕು, ನಂಬೂಕೆ ಆಗೂದಿಲ್ಲ."

ಮಾಬ್ಲನ ಮುಖ ಮೊದಲು ಬಾಡಿತು. ಒಡೆಯರ ಕೋವಿ ಹಾಳು ಮಾಡಿದೆನಲ್ಲ ಎಂದು ತಲೆ ಕೆರೆದುಕೊಂಡ. ಆಮೇಲೆ ನಿಧಾನಕ್ಕೆ ಅರಳಿತು. ಅವನ ತಲೆಯಲ್ಲಿ ಏನು ಹೊಳೆಯಿತು ಎಂದು ನನಗೆ ಕಂಡೇ ಹೋಯಿತು.

"ಹಂಗಾರೆ ಲಕ್ಕಿ, ನಿಮ್ಮ ಗದ್ದೆ ಉಳಿಸಿದ್ದು ನನ್ನ ಗರಗಸ!" ಅಂದ.

ನಾನು ಮಾಸ್ತಿಯ ಕಡೆ ತಿರುಗಿದೆ. "ತೋಟೆ ಸಿಕ್ಕೊಂಡ್ರೆ ಕೈಲಿ ತೆಗೀಲಿಕ್ಕೆ ಬತ್ತದಾ?"

"ಬತ್ತದೆ. ಈ ಹಿಡಿ ಎಳೆದ್ರೆ ಆತು."

"ಎಷ್ಟು ಹೊತ್ತು ಬೇಕು?"

ಅವನು ಹಿಡಿ ಎಳೆದು ಬಿಟ್ಟ. ಟಕ್ ಟಕ್ ಎಂದಿತು, ಅಷ್ಟೇ.

"ಮತ್ತೆ ಅವತ್ತು ಎಳೀಲಿಲ್ಲ ಎಂತಕೆ?"

ಮಾಸ್ತಿ ಕೋವಿ ಒರೆಸತೊಡಗಿದ. "ನಿಮ್ಮ ಹಾಡು ನಿಲ್ತದೆ ಅಂತ ಮಾಡಿದ್ದೆ," ಅಂದ. "ನಿಲ್ಲದೇ ಇದ್ರೆ ಎಂತ ಮಾಡ್ಬೇಕು ಅಂತ ನಂಗೆ ಯಾರೂ ಹೇಳಿರ್ಲಿಲ್ಲ." ಮರುದಿನ ಅವನು ದೇವಪ್ಪನ ಕೆಲಸ ಬಿಟ್ಟು ಮುಟ್ಟಳ್ಳಿಗೆ ಹೊರಟುಹೋದ.

ಅವನು ಹೋದ, ಗ್ಯಾಸಿನ ಕತೆ ಮಾತ್ರ ಉಳಿಯಿತು. ಮಾಬ್ಲ ಅದನ್ನು ಮಿರ್ಜಾನದ ಚಾ ಅಂಗಡಿಯಲ್ಲಿ ಬಿತ್ತಿದ, ಅಲ್ಲಿಂದ ಅದು ಕುಮಟೆಯ ತನಕ ಬೆಳೆಯಿತು. ಹಾಲಕ್ಕಿಗಳ ಗದ್ದೆ ಉಳಿದದ್ದು ಆಚಾರಿಯ ಕೈಗುಣದಿಂದ. ಆಚಾರಿ ಬೇಕೆಂದೇ ಕತ್ತರಿಸಿದನಂತೆ. ಆಚಾರಿ ಲೆಕ್ಕ ಹಾಕಿ ತೂತಿನ ಬುಡಕ್ಕೇ ಕತ್ತರಿಸಿದನಂತೆ. ಮಾಬ್ಲ ಇದನ್ನೆಲ್ಲ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಮೀಸೆಯಡಿ ನಗುತ್ತ ಎರಡನೇ ಚಾ ಕುಡಿಯುತ್ತಿದ್ದ. ನಮ್ಮ ಕೊಪ್ಪದ ಮದುವೆಗಳಲ್ಲಿ ಅವನಿಗೆ ಮೊದಲ ಪಂಕ್ತಿಯಲ್ಲಿ ಎಲೆ. ಬಂಗಾರತ್ತೆ ಹಿಂದೆ ಬಡಿಸುತ್ತಿದ್ದಳು.

ನನ್ನ ಹೊಟ್ಟೆ ಉರಿಯಿತು. ಒಂದು ದಿನ ಶುಕ್ರನೂ ಊಟಕ್ಕೆ ಕೂತಾಗ ಅದೇ ಮಾತೆತ್ತಿದ.

"ಆಚಾರಿ ಇಲ್ಲದೇ ಇದ್ರೆ ಅವತ್ತು ನಮ್ಮ ಕತೆ ಆಗ್ತಿತ್ತು ನೋಡು."

"ಆಚಾರಿ ಎಲ್ಲಿದ್ದ ಅವತ್ತು? ಗದ್ದೇಲಿದ್ನಾ?"

"ಇಲ್ಲ. ಆದ್ರೆ ಕೋವಿ..."

"ಕೋವಿ ಸಿಕ್ಕೊಂಡಿದ್ದು ನಾ ಭತ್ತ ಕೊಯ್ದ ಮೇಲೆ ಕಂಡೆ. ನಿನ್ನ ಅಬ್ಬಿ, ನನ್ನ ಅತ್ತೆ, ಇಳಿದಾಗ ಇನ್ನೊಂದು ಗುಂಡು ಬತ್ತದೆ ಅಂತ್ಲೇ ಇಳಿದಿದ್ದು. ನಾವ್ಯಾರೂ ನಳಿಗೆ ಅಳೆದು ನೋಡಿ ಗದ್ದೆಗೆ ಇಳೀಲಿಲ್ಲ. ನೀ ಗುಡ್ಡದ ಮೇಲೆ ನಿಂತು ಗುಂಡು ಎಣಿಸ್ತಾ ಇದ್ದೆ, ನಿಂಗೆ ಹಂಗೆ ಕಾಣ್ತು."

ಅವನು ಅನ್ನ ಬಿಟ್ಟು ಎದ್ದ. ಏಳಲಿ ಎಂದೆ. ಹೆಂಡತಿಯ ಧೈರ್ಯಕ್ಕಿಂತ ಊರಾಚಾರಿಯ ಗರಗಸ ದೊಡ್ಡದಾದರೆ ಅವನ ಕುಲುಮೆಯಲ್ಲೇ ಉಣ್ಣಲಿ.

ಇದು ಬರೀ ಹೊಗಳಿಕೆ ಯಾರಿಗೆ ಎಂಬ ಜಗಳವಾಗಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಆದರೆ ಅದೇ ಕತೆಯನ್ನು ದೇವಪ್ಪನೂ ಹೇಳತೊಡಗಿದ. "ಕೋವಿ ಕೆಟ್ಟಿತ್ತು, ಬಿಟ್ಟೆ. ಮುಂದಿನ ಕೊಯ್ಲಿಗೆ ನೋಡುವಾ," ಎನ್ನುತ್ತಿದ್ದ. ರೈಫಲನ್ನು ಮುಂಬಯಿಗೆ ಕಳಿಸಿ ಹೊಸ ಉದ್ದ ನಳಿಗೆ ಹಾಕಿಸಿದ್ದಾನೆ ಎಂದು ಮಳೆಗಾಲದಲ್ಲಿ ಸುದ್ದಿ ಬಂತು. ನಮ್ಮ ಗಂಡಸರ ಮುಖ ಆಗಲೇ ಇಳಿಯಿತು. ಕೆಟ್ಟ ಕೋವಿಯಿಂದ ಗದ್ದೆ ಉಳಿದದ್ದು ನಿಜವಾದರೆ ಒಳ್ಳೆಯ ಕೋವಿಯಿಂದ ಗದ್ದೆ ಹೋಗುವುದೂ ನಿಜವೇ ತಾನೇ?

ಮರುವರ್ಷ ಭತ್ತ ಹಣ್ಣಾಗಿ ತಲೆ ಬಾಗಿತು. ಬಂಗಾರತ್ತೆ ಜ್ವರದಿಂದ ಮಲಗಿದ್ದಳು. ಕೊಯ್ಲಿನ ಮುಂಚಿನ ದಿನ ಬೆಳಿಗ್ಗೆ ಕೊಪ್ಪದ ಗೌಡ ಹಮ್ಮನ ಅಂಗಳದಲ್ಲಿ ಎಲ್ಲರೂ ಸೇರಿದರು. ಅಲ್ಲಿಗೆ ಮಾಬ್ಲ ಓಡೋಡಿ ಬಂದ. ಅವನ ಮುಖ ನೋಡಿ ನನಗೆ ಮೊದಲ ಸಲ ಪಾಪ ಎನಿಸಿತು. ಅವನು ತನ್ನ ಕತೆಯನ್ನು ನಿಜವಾಗಿ ನಂಬಿದ್ದ.

"ನಿನ್ನೆ ಹೊಳೆದಂಡೇಲಿ ಒಡೇರೇ ಹೊಡೆದು ನೋಡಿದ್ರು. ನಾ ಕಣ್ಣಾರೆ ಕಂಡೆ. ಢಂ ಢಂ ಢಂ, ಒಂದೂ ಸಿಕ್ಕೂದಿಲ್ಲ. ಬಾಯಿ ಉಜ್ಜಿ ಕೊಡ್ತೆ ಅಂತ ಕೈ ಚಾಚ್ದೆ, ಮುಟ್ಟೂಕೂ ಬಿಡ್ಲಿಲ್ಲ. ಈ ವರ್ಷ ಹೋಗ್ಬೇಡಿ. ಈ ಸಲ ನನ್ನ ಕೈಲಿ ಎಂತದೂ ಇಲ್ಲ."

ಹಮ್ಮಗೌಡ ಗಂಡಸರ ಕಡೆ ತಿರುಗಿದ. "ಈ ವರ್ಷ ಅವ್ನೇ ಕೊಯ್ದುಕೊಳ್ಲಿ," ಅಂದ. "ಕಾಯ್ದೆ ಬಂದ ಮೇಲೆ ಕೇಳುವಾ." ಗಂಡಸರು ತಲೆಯಾಡಿಸಿದರು. ಶುಕ್ರ ನನ್ನ ಕಡೆ ನೋಡಲಿಲ್ಲ.

ಅಂಗಳದಲ್ಲಿ ಹೆಂಗಸರು ಮಾತಾಡುವುದಿಲ್ಲ. ಅದೂ ಕಟ್ಟಳೆಯೇ. ಆ ದಿನ ನಾನು ಅದನ್ನು ಮುರಿದೆ. "ಹೋದ ವರ್ಷ ಕೋವಿ ಸಿಕ್ಕೊಳ್ತದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ? ನಿಂಗೆ ಗೊತ್ತಿತ್ತಾ ಗೌಡಾ? ನಿಂಗೆ ಆಚಾರಿ? ಕೋವಿ ಹಿಡಿದ ಮಾಸ್ತಿಗೇ ಗೊತ್ತಿರ್ಲಿಲ್ಲ, ನಡೀತದೋ ಇಲ್ವೋ ಅಂತ. ಗೊತ್ತಿಲ್ಲದೇನೇ ಇಳಿದಿದ್ದು ನಾವು. ಇವತ್ತು ಅದು ನಡೀತದೆ ಅಂತ ಗೊತ್ತಾತು, ಅಷ್ಟೇ ವ್ಯತ್ಯಾಸ. ನಾ ನಾಳೆ ಕೊಯ್ಯೂಕೆ ಹೋಗ್ತೆ. ನಂಗೆ ಗುಂಡು ತಾಗಿದ್ರೆ ಚಾ ಅಂಗಡೀಲಿ ಕೂತು ನಳಿಗೆ ಎಷ್ಟುದ್ದ ಇತ್ತು ಅಂತ ಮಾತಾಡ್ಕೊಳ್ಳಿ." ಇಷ್ಟು ಹೇಳಿ ನಡೆದುಬಿಟ್ಟೆ.

ಮರುದಿನ ಇಬ್ಬನಿ ಆರಿದ ಮೇಲೆ ಕತ್ತಿ ಹಿಡಿದು ಹೊರಬಂದೆ. ಎದುರು ಮನೆಯ ಗಂಗಿ ಬಂದಳು, ಅವಳ ಓರಗಿತ್ತಿ ಮಾದೇವಿ ಬಂದಳು, ಒಬ್ಬೊಬ್ಬರಾಗಿ ಉಳಿದವರೂ ಬಂದರು. ಎಲ್ಲರೂ ನಿಂತು ನನ್ನನ್ನು ನೋಡಿದರು. ಹಾಡು ಎತ್ತಬೇಕಿತ್ತು, ಎತ್ತುವವಳು ಜ್ವರದಲ್ಲಿದ್ದಳು. ನನ್ನ ದನಿ ಹೇಗಿದೆ ಎಂದು ಕೊಪ್ಪಕ್ಕೆಲ್ಲ ಗೊತ್ತು. ನನ್ನ ಮಕ್ಕಳು ಜೋಗುಳಕ್ಕೆ ಎದ್ದು ಕೂರುತ್ತಿದ್ದವು. ಆದರೂ ಎತ್ತಿದೆ. ಗಂಗಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ಕೋವಿ ಬೇಡ ಮಾರಾಯ್ತಿ, ನಿನ್ನ ಹಾಡು ಕೇಳಿದ್ರೆ ಅವ್ನೇ ಓಡ್ತಾನೆ," ಅಂದಳು ಮಾದೇವಿ. ನಗುತ್ತಲೇ ಅವರು ದನಿ ಸೇರಿಸಿದರು. ನಗು ಬಂದದ್ದು ಒಳ್ಳೆಯದಾಯಿತು, ಕಾಲು ಹಗುರಾಯಿತು.

ದೇವಪ್ಪ ಈ ಸಲ ತಾನೇ ಬದುವಿನ ಮೇಲೆ ನಿಂತಿದ್ದ. ಕೋವಿಯ ನಳಿಗೆ ಹೊಸದಾಗಿ ಕರ್ರಗೆ ಮಿಂಚುತ್ತಿತ್ತು, ಉದ್ದ ಅಂದರೆ ಉದ್ದ. ಆಳುಗಳು ಮತ್ತೆ ಅದೇ ಮಾವಿನ ಮರದ ಕೆಳಗೆ ಇದ್ದರು. ರಸ್ತೆಯ ಹತ್ತಿರ ಮಾಬ್ಲ ನಿಂತಿದ್ದ, ಕೈ ಕೈ ಹಿಸುಕಿಕೊಳ್ಳುತ್ತ.

"ಇದು ಹೋದ ವರ್ಷದ ಕೋವಿ ಅಲ್ಲ, ತಿಳ್ಕೊಳ್ಳಿ!" ಎಂದು ದೇವಪ್ಪ ಕೂಗಿದ. ನಾನು ಹಾಡುತ್ತಿದ್ದೆ, ಉತ್ತರ ಕೊಡುವ ಹಾಗಿರಲಿಲ್ಲ. ಅವನು ಆಕಾಶಕ್ಕೆ ಹೊಡೆದ. ಖಾಲಿ ತೋಟೆ ಚಿಮ್ಮಿ ಬದುವಿನ ಮೇಲೆ ಬಿತ್ತು. ನಮಗೆ ಅರ್ಥವಾಗಲಿ ಎಂದೇ ಕೂಡಲೇ ಮತ್ತೆ ಹೊಡೆದ, ಮತ್ತೂ ಹೊಡೆದ. ತೋಟೆಗಳು ಒಂದರ ಹಿಂದೆ ಒಂದು ನೀಟಾಗಿ ಹೊರಗೆ ಹಾರಿದವು. ಯಾವುದೂ ಸಿಕ್ಕಿಕೊಳ್ಳಲಿಲ್ಲ. ನನ್ನ ದನಿ ನಿಂತೇಹೋಯಿತು. ಅಷ್ಟರಲ್ಲಿ ಮಾದೇವಿ ಎತ್ತಿಕೊಂಡಳು. ನಾನು ಬದು ಇಳಿದು ಬಗ್ಗಿದೆ. ಭತ್ತದ ಬುಡ ಹಿಡಿದೆ. ಒಂದು ಹಿಡಿ ಕೊಯ್ದೆ.

ತಲೆ ಎತ್ತಿದಾಗ ನಳಿಗೆ ಕೆಳಗಿಳಿದು ನನ್ನ ಕಡೆ ನೋಡುತ್ತಿತ್ತು. ಅದರ ಬಾಯಿ ಇಷ್ಟು ಸಣ್ಣದೇ ಎನಿಸಿತು. ಹೆದರಿಕೆಯಿಂದ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ ಕೂಡ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಬಗ್ಗಿ ಇನ್ನೊಂದು ಹಿಡಿ ಕೊಯ್ದೆ. ಪಕ್ಕದಲ್ಲಿ ಗಂಗಿ ಕೊಯ್ಯುತ್ತಿದ್ದಳು. ಅವಳ ಆಚೆ ಯಾರೋ ಧಪ್ಪೆಂದು ಗದ್ದೆಗೆ ಇಳಿದ ಸದ್ದಾಯಿತು. ನೋಡಿದರೆ ಶುಕ್ರ. ಯಾವಾಗ ಗುಡ್ಡ ಇಳಿದಿದ್ದನೋ, ಉಸಿರು ಸಿಗದೆ ಬಾಯಿ ತೆರೆದಿದ್ದ, ಕತ್ತಿ ಹಿಡಿದಿದ್ದ. ನನ್ನ ಮುಂದೆ ಬಂದು, ನನಗೂ ಬದುವಿಗೂ ನಡುವೆ ನಿಂತು ಕೊಯ್ಯತೊಡಗಿದ. "ಬದಿಗೆ ಸರಿ, ಅದು ನನ್ನ ಸಾಲು," ಎಂದೆ. ಅವನು ಸರಿಯಲಿಲ್ಲ.

ದೇವಪ್ಪ ಎಷ್ಟು ಹೊತ್ತು ಹಾಗೆ ನಿಂತನೋ ಹೇಳಲಾರೆ. ಬಗ್ಗಿದ ಇಷ್ಟು ಬೆನ್ನುಗಳಲ್ಲಿ ಯಾರಿಗೆಂದು ಹೊಡೆಯುತ್ತಾನೆ? ಹೊಡೆದ ಮೇಲೆ ಏನು ಮಾಡುತ್ತಾನೆ? ಮರದ ಕೆಳಗಿನ ಆಳುಗಳು ಎದ್ದು ಒಬ್ಬೊಬ್ಬರಾಗಿ ರಸ್ತೆಗೆ ಹೋದರು. ಬಿಸಿಲು ಏರಿತು. ಕೊನೆಗೆ ಜೀಪಿನ ಸದ್ದು ಕೇಳಿತು, ದೂರವಾಯಿತು. ನಾವು ಹಾಡು ಮುಗಿಸಿದೆವು.

ನೀರು ಕುಡಿಯಲು ಬದು ಹತ್ತಿದಾಗ ಮಾಬ್ಲ ಹತ್ತಿರ ಬಂದ. ಬಗ್ಗಿ ಹುಲ್ಲಿನಲ್ಲಿ ಬಿದ್ದಿದ್ದ ಖಾಲಿ ತೋಟೆಗಳನ್ನು ಹೆಕ್ಕಿ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ನನ್ನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

"ಎಲ್ಲಾ ಹಾರ್ತಾ ಆಚಾರಿ?" ಎಂದು ಕೇಳಿದೆ.

"ಎಲ್ಲಾ ಹಾರ್ತು."

"ಒಂದಾದ್ರೂ ಸಿಕ್ಕೊಂತಾ?"

"ಇಲ್ಲ, ಲಕ್ಕಿ."

"ಹಂಗಾರೆ ಚಾ ಅಂಗಡಿಗೆ ಹೋಗಿ ಅದ್ನ ಹೇಳು," ಎಂದು ನೀರು ಕುಡಿದು ಗದ್ದೆಗೆ ಇಳಿದೆ.